ಬರೆಯದೆ ಬಿಟ್ಟ ದಿನಗಳು

ಅಥವಾ ಮಗುವಿಗೆ ಅದೇ ಒಳ್ಳೆಯದೋ ಏನೋ. ಆ ಮನೆಗೆ ಅಂಗಳವಿದೆ, ನೋಡಿಕೊಳ್ಳಲು ಗಂಡ ಹೆಂಡತಿ ಇಬ್ಬರಿದ್ದಾರೆ ಎಂದರಲ್ಲ ಮೇಡಂ. ಇಲ್ಲೇನಿದೆ? ಎರಡು ಕೋಣೆ, ಒಂದು ಕಿಟಕಿ, ಗೋಡೆಯುದ್ದಕ್ಕೂ ಯಾರು ಯಾರದೋ ಪ್ಲಾಸ್ಟರ್ ದವಡೆ. ಹೋದರೆ ಹೋಗಲಿ, ಎಲ್ಲಿದ್ದರೂ ಸುಖವಾಗಿರಲಿ. ಆದರೆ ಅದು ಅಷ್ಟು ಸಲೀಸಾದ ಮಾತಾಗಿದ್ದರೆ, ಮೇಡಂ ಹಾಗೆಂದಾಗ ತನ್ನ ಕೈಯಲ್ಲಿದ್ದ ಚಾಕು ಮೇಣದ ನಡುವೆಯೇ ಯಾಕೆ ನಿಂತುಬಿಟ್ಟಿತು? ಸಂಕಟಕ್ಕೆ ನಿಂತಿತೋ, ಸದ್ಯ ಹೊರೆ ಇಳಿಯಿತಲ್ಲ ಎಂಬ ನೆಮ್ಮದಿಗೆ ನಿಂತಿತೋ? ಶನಿವಾರ ಬೆಳಿಗ್ಗೆ, ಹಲ್ಲುಸೆಟ್ ಮಾಡುವ ತನ್ನ ಮೇಜಿನ ಮುಂದೆ ಕೂತು, ಅವನು ಹಿಂದಿನ ದಿನದ ಆ ಒಂದು ಗಳಿಗೆಯನ್ನು ಮಗುಚಿ ಮಗುಚಿ ನೋಡುತ್ತಿದ್ದ. ಎರಡೂ ನಿಜವೆಂದೇ ತೋರುತ್ತಿತ್ತು.

ಮಕ್ಕಳ ಕಚೇರಿಯ ಮೇಡಂ ಶುಕ್ರವಾರ ಮಧ್ಯಾಹ್ನ ಬಂದಿದ್ದರು. ಹದಿನೈದು ದಿನಕ್ಕೊಮ್ಮೆ ಬರುವವರು. ಸ್ಟೂಲಿನ ಮೇಲಿನ ಬಿಳಿ ಪುಡಿಯನ್ನು ಕರವಸ್ತ್ರದಿಂದ ಕೊಡವಿ ಕೂತು, ಕಚೇರಿಯೇ ಕೊಟ್ಟಿದ್ದ ನೀಲಿ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಬಂಧುಗಳ ಮಕ್ಕಳನ್ನಾಗಲಿ ಪರರ ಮಕ್ಕಳನ್ನಾಗಲಿ ಮನೆಯಲ್ಲಿಟ್ಟು ಸಾಕುವವರು ಅದರಲ್ಲಿ ದಿನದಿನದ ವಿಷಯ ಬರೆದಿಡಬೇಕು, ದಿನಕ್ಕೊಂದು ಪುಟ. ಓದುತ್ತ ಓದುತ್ತ ಮೇಡಂ ಮುಖ ಸಪ್ಪಗಾಯಿತು.

“ನಿಮಗೆ ತುಂಬ ಕಷ್ಟ ಆಗ್ತಿದೆ,” ಎಂದರು. ಗದರಿಕೆಯ ದನಿಯಲ್ಲ, ಕನಿಕರದ್ದು. “ಒಬ್ಬರೇ ಇದ್ದೀರಿ, ಮೇಲೆ ಈ ಕೆಲಸ ಬೇರೆ. ನೀವಾಗಿ ಬಾಯಿಬಿಟ್ಟು ಹೇಳಿಲ್ಲ, ಆದ್ರೆ ಪುಸ್ತಕ ಹೇಳ್ತಿದೆ. ಒಂದು ಒಳ್ಳೇ ಮನೆ ನೋಡಿದ್ದೀವಿ. ಸೋಮವಾರ ಇವಳ ವಿಷಯಕ್ಕೆ ಸಭೆ ಇದೆಯಲ್ಲ, ಅಲ್ಲೇ ತೀರ್ಮಾನ ಮಾಡಿಬಿಡೋಣ. ಏನಂತೀರಿ?”

ಅವನು ಚಾಕುವನ್ನೇ ನೋಡುತ್ತ, “ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ ಮೇಡಂ,” ಎಂದುಬಿಟ್ಟಿದ್ದ.

ಮೇಜಿನ ಕೆಳಗೆ ಕೂತಿದ್ದ ಕಡ್ಡಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ.

ಕಡ್ಡಿ ಅವನ ಅಕ್ಕನ ಮಗಳು. ಏಳು ವರ್ಷ. ಹುಟ್ಟಿದಾಗ ಬೆಂಕಿಕಡ್ಡಿಯ ಹಾಗಿದ್ದಳೆಂದು ಅಕ್ಕನೇ ಇಟ್ಟ ಹೆಸರು. ಅಕ್ಕನ ಮನಸ್ಸು ಮೂರನೆಯ ಸಲ ಕೈಕೊಟ್ಟು, ಈ ಬಾರಿ ಆಸ್ಪತ್ರೆಯವರು “ಬೇಗ ವಾಸಿಯಾಗುತ್ತೆ” ಎಂಬ ಮಾತನ್ನೇ ಆಡದೆ ಹೋದಾಗ, ನಾಲ್ಕು ತಿಂಗಳ ಹಿಂದೆ ಮೇಡಂ ಈ ಹುಡುಗಿಯನ್ನು ಅವನ ಬಾಗಿಲಿಗೆ ಕರೆತಂದಿದ್ದರು. ಬೆನ್ನಿಗೊಂದು ಶಾಲೆಯ ಚೀಲ. ಬಿಚ್ಚಿದರೆ ಒಳಗೆ ಪುಸ್ತಕವಿಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ನಲವತ್ತಕ್ಕೂ ಮೇಲೆ. ಮೊದಲ ವಾರ ಅವಳು ಒಂದಕ್ಷರ ಮಾತಾಡಲಿಲ್ಲ. ಕ್ಲಿಪ್ಪುಗಳನ್ನು ಪರದೆಗೆ, ಟವೆಲಿಗೆ, ಅವನ ಅಂಗಿಯ ತೋಳಿಗೆ ಸಿಕ್ಕಿಸುತ್ತ ಓಡಾಡಿದಳು. ಯಾವುದೂ ಹಾರಿಹೋಗಬಾರದು ಎಂಬಂತೆ.

ಆ ಕೋಣೆಯೂ ಮಾತಿಗೆ ಒಗ್ಗಿದ ಕೋಣೆಯಲ್ಲ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಅವನು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡಿ, ಮೇಣದಲ್ಲಿ ಹಲ್ಲು ಜೋಡಿಸಿ, ವಾಪಸು ಕಳಿಸುತ್ತಾನೆ. ಕೆಲಸ ಮುಗಿದ ದವಡೆಗಳನ್ನು ಎಸೆಯಲು ಮನಸ್ಸು ಬಾರದೆ ಹಲಗೆಗಳ ಮೇಲೆ ಸಾಲಾಗಿ ಇಟ್ಟಿದ್ದ. ಹನ್ನೆರಡು ವರ್ಷದ ಬಾಯಿಗಳು. ಮಧ್ಯಾಹ್ನದ ಬಿಸಿಲು ಒಳಗೆ ಬಂದು ಧೂಳಿನಲ್ಲಿ ಹಾಲಿನಂತೆ ನಿಂತಾಗ, ಅವೆಲ್ಲ ಇನ್ನೇನು ಒಟ್ಟಿಗೆ ಏನನ್ನೋ ಹೇಳಿಬಿಡುತ್ತವೆ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಅವು ಹೇಳುತ್ತಿರಲಿಲ್ಲ. ಕಡ್ಡಿ ಮಾತ್ರ ಎರಡನೆಯ ವಾರದಿಂದ ಅವುಗಳ ಜೊತೆ ಪಿಸುಗುಡಲು ಶುರುಮಾಡಿದಳು. ಅವನು ಬೆನ್ನು ತಿರುಗಿಸಿ ಕೂತು ಕೇಳಿಸದವನಂತೆ ಕೆಲಸ ಮಾಡುತ್ತಿದ್ದ. ಆ ಪಿಸುಮಾತಿನ ಪಕ್ಕದಲ್ಲಿ ಗಂಟೆಗಳು ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ಕರಗುತ್ತಿದ್ದವು.

ಈಗ ಶನಿವಾರ ಬೆಳಿಗ್ಗೆ, ಮೇಜಿನ ಕೆಳಗಿಂದ ದನಿ ಬಂತು.

“ಮಾವ.”

“ಹೂಂ.”

“ಆ ಮನೇಲಿ ಹಲ್ಲುಗಳಿರ್ತವಾ?”

ಹಾಗಾದರೆ ಕೇಳಿಸಿಕೊಂಡಿದ್ದಾಳೆ. ಅವನು ಚಾಕು ಕೆಳಗಿಟ್ಟ. “ಇರಲ್ಲ ಅನ್ಸುತ್ತೆ.”

“ಮತ್ತೆ ಅವ್ರು ಇಡೀ ದಿನ ಏನ್ ಮಾಡ್ತಾರೆ?”

ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ ಎಂದು ಬಹಳ ಹೊತ್ತಿನವರೆಗೆ ಅವನಿಗೆ ಅನ್ನಿಸುತ್ತಿತ್ತು.

ಅಂದು ಸಂಜೆಗೆ ಮುಂಚೆ ಸಾಕುವವರ ಕೂಟವಿತ್ತು. ಗ್ರಂಥಾಲಯದ ಮಹಡಿಯ ಮೇಲೆ, ಮಕ್ಕಳಿಗೆ ಚಿತ್ರ ಬರೆಯಲು ಕಲಿಸುವ ಕೋಣೆ. ಅಲ್ಲಿರುವ ಕುರ್ಚಿಗಳೆಲ್ಲ ಮೊಳಕಾಲೆತ್ತರದವು. ಹತ್ತು ಹನ್ನೆರಡು ಮಂದಿ ದೊಡ್ಡವರು ಮಂಡಿಯನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಾರೆ. ಮೊಮ್ಮಕ್ಕಳನ್ನು ಸಾಕುವವರು, ತಮ್ಮನ ಮಕ್ಕಳನ್ನು ಸಾಕುವವರು, ಗುರುತು ಪರಿಚಯವಿಲ್ಲದ ಮಕ್ಕಳನ್ನು ಮನೆ ತುಂಬಿಸಿಕೊಂಡವರು. ಮೇಡಂ ಒತ್ತಾಯಕ್ಕೆ ಅವನು ಹಿಂದೆ ಎರಡು ಸಲ ಹೋಗಿ, ಮೂಲೆಯಲ್ಲಿ ಕೂತು, ತುಟಿ ಎರಡು ಮಾಡದೆ ಎದ್ದುಬಂದಿದ್ದ.

ಈ ಸಲ ಬಾಗಿಲಲ್ಲೇ ಕಂಡಕ್ಟರಜ್ಜಿ ಹಿಡಿದುಕೊಂಡರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, ಕೆಲಸ ಮುಗಿಸಿ ಕಾಲು ಚಾಚಿ ಕೂರೋಣ ಎನ್ನುವಾಗ ಮಗಳ ಮೂರು ಮಕ್ಕಳು ಮಡಿಲಿಗೆ ಬಂದಿದ್ದವು. ಕಾಲು ಚಾಚುವುದು ಹಾಗೇ ಉಳಿದಿತ್ತು.

“ಬಾರಪ್ಪ ಹಲ್ಲಿನವನೇ! ಊರಿನ ಬಾಯಿಗೆಲ್ಲ ಹಲ್ಲು ಕಟ್ಟಿಕೊಡ್ತೀಯ, ನಿನ್ನ ಬಾಯಿ ಮಾತ್ರ ಬಿಡೋದೇ ಇಲ್ವಲ್ಲ. ನಡಿ, ಒಳಗೆ ಜಾಗ ಇದೆ, ಮುಂದೆ ನಡಿ.” ಅವನ ಹಿಂದೆ ಅಡಗಿದ್ದ ಕಡ್ಡಿಯತ್ತ ಬಗ್ಗಿ, “ನಿಂದು ಅರ್ಧ ಟಿಕೆಟ್. ನಮ್ಮ ಮೂರು ಕೋತಿಗಳು ಕೆಳಗೆ ಪುಸ್ತಕ ಹರೀತಿವೆ, ಹೋಗಿ ತಡಿ ಹೋಗು,” ಎಂದರು.

ಕಡ್ಡಿ ಅವನ ಮುಖ ನೋಡಿದಳು. ಅವನು ತಲೆಯಾಡಿಸಿದ. ಹೋದಳು.

ಆ ಕೂಟಕ್ಕೊಂದು ಪದ್ಧತಿಯಿತ್ತು. ಯಾರದ್ದಾದರೂ ಸಭೆ ಹತ್ತಿರ ಬಂದರೆ, ಅವರ ನೀಲಿ ಪುಸ್ತಕವನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಬರೆದವರು ಸುಮ್ಮನೆ ಕೂತು ಕೇಳಬೇಕು. ತಾನು ಬರೆದದ್ದು ಪರರ ಕಿವಿಗೆ ಹೇಗೆ ಬೀಳುತ್ತದೆಂದು ತಿಳಿಯಲಿ ಅಂತ. ಅವನ ಪುಸ್ತಕ ಕಂಡಕ್ಟರಜ್ಜಿಯ ಕೈಗೆ ಹೋಯಿತು. ಅವರು ಕನ್ನಡಕ ಏರಿಸಿ, ನಿಲ್ದಾಣಗಳ ಹೆಸರು ಕೂಗುವ ದನಿಯಲ್ಲಿ ಶುರುಮಾಡಿದರು.

“ಮೂರನೇ ತಾರೀಖು: ದವಡೆಗಳ ನಡುವೆ ಬ್ರೆಡ್ ಬಚ್ಚಿಟ್ಟಳು. ನಾಲ್ಕು: ಹಾಸಿಗೆ ಒದ್ದೆ. ಏಳು: ಶಾಲೆಯಲ್ಲಿ ಒಬ್ಬಳನ್ನು ಕಚ್ಚಿದಳು. ಎಂಟು: ಹಾಸಿಗೆ ಒದ್ದೆ. ಹದಿಮೂರು: ಬೀಗ ಹಾಕಿದ ಸದ್ದಿಗೆ ಕಿರುಚಿದಳು, ಅರ್ಧ ಗಂಟೆ…”

ಮೊದಲು ಒಬ್ಬಿಬ್ಬರು ನಕ್ಕರು, ತಮ್ಮ ಮನೆಯದ್ದೇ ಕೇಳಿದಂತೆ. ಆಮೇಲೆ ನಗು ನಿಂತಿತು. ಅವನು ಕೇಳುತ್ತಿದ್ದ. ಬೇರೆ ಯಾರದೋ ಮನೆಯ ಕತೆ ಕೇಳಿದಂತಿತ್ತು. ಕಿಟಕಿಯೇ ಇಲ್ಲದ, ಒದ್ದೆ ಬಟ್ಟೆಯ ವಾಸನೆಯ ಮನೆ. ಆ ಮನೆಯಿಂದ ಮಗುವನ್ನು ಬೇಗ ಹೊರಗೆ ತರಬೇಕು ಎಂದು ಅವನಿಗೂ ಅನ್ನಿಸಿತು.

ಅಜ್ಜಿ ಓದುವುದು ನಿಲ್ಲಿಸಿ ಹಿಂದೆ ಮುಂದೆ ಹಾಳೆ ತಿರುವಿದರು. “ಇದೇನಪ್ಪ, ನಡುನಡುವೆ ಇಷ್ಟೊಂದು ಖಾಲಿ? ಹದಿನಾಲ್ಕರಿಂದ ಹತ್ತೊಂಬತ್ತರ ತನಕ ಏನೂ ಇಲ್ಲ. ಮುಂದಿನ ತಿಂಗಳು ಬರೆದದ್ದು ಬರೀ ಒಂಬತ್ತು ದಿನ. ಈ ತಿಂಗಳಂತೂ ನಾಲ್ಕೇ.”

“ಅವತ್ತು ಬರೆಯೋ ಅಂಥದ್ದು ಏನೂ ಇರಲಿಲ್ಲ,” ಎಂದ.

“ಏನೂ ಇರಲಿಲ್ಲ ಅಂದ್ರೆ?”

“ಎಲ್ಲ ಸರಿ ಇತ್ತು.”

ಪರರ ಮಕ್ಕಳಿಬ್ಬರನ್ನು ಸಾಕುತ್ತಿದ್ದ ಬೇಕರಿಯವನು ಹಣೆ ಚಚ್ಚಿಕೊಂಡು, “ಅಯ್ಯೋ ದೇವರೇ,” ಎಂದ.

ಪುಸ್ತಕ ಬರೆದವನಿಗೆ ಅರ್ಥವಾಗಲಿಲ್ಲ. ತೊದಲುತ್ತಲೇ ವಿವರಿಸಲು ಹೋದ. ಅವನ ಕೆಲಸದಲ್ಲಿ ಹಾಗೇ ನಡೆಯುವುದು. ಮೇಣದ ಸೆಟ್ಟನ್ನು ಡಾಕ್ಟರು ರೋಗಿಯ ಬಾಯಲ್ಲಿಟ್ಟು ನೋಡಿ ಒಂದು ಚೀಟಿಯ ಜೊತೆ ವಾಪಸು ಕಳಿಸುತ್ತಾರೆ. ಎಡಗಡೆ ಎತ್ತರ, ಮುಂದಿನದು ಉದ್ದ, ಹೀಗೆ ತಿದ್ದಬೇಕಾದ್ದು ಮಾತ್ರ ಚೀಟಿಯಲ್ಲಿರುತ್ತದೆ. ಸರಿಯಿದ್ದದ್ದನ್ನು ಯಾರೂ ಬರೆಯುವುದಿಲ್ಲ. ಏನೂ ಬರೆಯದ ಚೀಟಿ ಬಂದ ದಿನ ಅವನು ಒಂದು ಲೋಟ ಹೆಚ್ಚಿಗೆ ಟೀ ಕುಡಿಯುತ್ತಾನೆ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಕಸುಬಿನಲ್ಲಿಲ್ಲ.

“ಅಲ್ಲಯ್ಯ,” ಎಂದರು ಅಜ್ಜಿ, ಕನ್ನಡಕ ಕೈಗೆ ತೆಗೆದುಕೊಂಡು. “ಆ ಮೇಡಂ ಏನು ಹಲ್ಲಿನ ಡಾಕ್ಟರಾ? ಅವರು ಏನಂತ ಓದ್ಕೊಂಡಿರ್ತಾರೆ ಗೊತ್ತಾ? ಈ ಮನುಷ್ಯ ಅರ್ಧಕ್ಕರ್ಧ ದಿನ ಮಗು ಕಡೆ ತಿರುಗಿ ನೋಡಲ್ಲ, ನೋಡಿದ ದಿನ ದೂರು ಬರೀತಾನೆ, ಅಂತ! ನಾನೇ ಆಗಿದ್ರೂ ಕರ್ಕೊಂಡ್ ಹೋಗ್ತಿದ್ದೆ ಆ ಕೂಸನ್ನ.”

“ನಾನೂ ಹಾಗೇ ಮಾಡಿ ಅಂದುಬಿಟ್ಟೆ,” ಎಂದ ಅವನು.

“ಏನಂದೆ?”

“ನಿಮಗೆ ತೋಚಿದ ಹಾಗೆ ಮಾಡಿ ಅಂದೆ. ನಿನ್ನೆ.”

ಅಜ್ಜಿ ಬೈಯುತ್ತಾರೆಂದುಕೊಂಡ. ಬೈಯಲಿಲ್ಲ. “ನಾನು ಮೊದಲನೇ ವರ್ಷ ಮೂರು ಸಲ ಅಂದಿದ್ದೀನಿ ಕಣಪ್ಪ, ಕರ್ಕೊಂಡ್ ಹೋಗಿ ಅಂತ. ಒಂದ್ಸಲ ಮಕ್ಕಳ ಬಟ್ಟೇನೂ ಮಡಚಿಟ್ಟಿದ್ದೆ. ಸುಸ್ತು ಮಾತಾಡುತ್ತೆ, ನಾವಲ್ಲ. ಈಗ ಹೇಳು, ಎಷ್ಟು ದಿನ ಖಾಲಿ?”

ಬೇಕರಿಯವನು ಎಣಿಸಿದ. ನೂರ ಹದಿನೆಂಟು ದಿನಗಳಲ್ಲಿ ಎಪ್ಪತ್ತೈದು.

“ತುಂಬಿಸಿಬಿಡ್ಲಾ?” ಎಂದು ಅವನು ಕೇಳಿದ.

“ಆ ಪುಟಗಳನ್ನ ಮುಟ್ಟಬೇಡ. ಹಿಂದಿನ ತಾರೀಖು ಹಾಕಿ ಬರೆದ್ರೆ ಅದು ಕಳ್ಳ ಟಿಕೆಟ್. ಬೇರೆ ಹಾಳೆ ತಗೋ. ನಾಳಿನ ತಾರೀಖು ಹಾಕು. ನೆನಪಿನಿಂದ ಬರೆದದ್ದು ಅಂತ ಮೇಲೇ ಬರಿ. ನಾನು ಬರ್ತೀನಿ, ಎದುರಿಗೆ ಕೂತು ಬರೆಸ್ತೀನಿ.”

ಭಾನುವಾರ ಅಜ್ಜಿ ಹೇಳಿದಂತೆ ಬಂದರು. ಮೂರು ಮೊಮ್ಮಕ್ಕಳು ಮೆಟ್ಟಿಲನ್ನೇ ಬಸ್ಸು ಮಾಡಿಕೊಂಡು ಕಡ್ಡಿಯನ್ನು ಹತ್ತಿಸಿಕೊಂಡರು. ಅವಳ ಕ್ಲಿಪ್ಪುಗಳೇ ಟಿಕೆಟ್ಟುಗಳಾದವು. ಒಳಗೆ ಅವನು ಹಾಳೆಯ ಮೇಲೆ ತಾರೀಖು ಬರೆದು ಕೂತ. ಪೆನ್ನು ಮುಂದೆ ಹೋಗಲಿಲ್ಲ.

ನೆನಪಿಗೆ ಏನೂ ಬರುತ್ತಿರಲಿಲ್ಲ. ಒದ್ದೆ ಹಾಸಿಗೆಯ ದಿನಗಳು ಒಂದೊಂದೂ ಕಣ್ಣ ಮುಂದಿದ್ದವು. ಸರಿಯಿದ್ದ ದಿನಗಳು ಮಂಜಿನ ಹಾಗೆ ಕೈಗೆ ಸಿಗದೆ ಹರಡಿಕೊಂಡಿದ್ದವು. ಸರಿಯಾಗಿ ಕೂತ ಹಲ್ಲುಸೆಟ್ ಬಾಯಲ್ಲಿರುವುದು ಬಾಯಿಗೇ ಮರೆತುಹೋಗುತ್ತದೆ. ಹಾಗೇ ಆಗಿತ್ತು.

“ನಿನ್ನ ಕೈಲಾಗಲ್ಲ ಬಿಡು, ನಾನೇ ಕೇಳ್ತೀನಿ,” ಎಂದರು ಅಜ್ಜಿ. “ಹದಿನಾರನೇ ತಾರೀಖು. ಏನು ವಾರ ಅದು? ಮಂಗಳವಾರ. ಅವತ್ತು ಅವಳು ಎಲ್ಲಿ ಕೂತಿದ್ಲು?”

“ಗೊತ್ತಿಲ್ಲ.”

“ಬಿಸಿಲಿತ್ತಾ?”

ಬಿಸಿಲಿರಲಿಲ್ಲ. ಮೋಡವಿತ್ತು. ಅಷ್ಟು ಹೇಳಿದ್ದೇ ತಡ, ಮೋಡದ ಹಿಂದಿನಿಂದ ಆ ದಿನ ನಿಧಾನವಾಗಿ ಇಳಿದು ಬಂತು. ಕರೆಂಟು ಹೋಗಿತ್ತು. ಹಲ್ಲು ಉಜ್ಜಿ ಹೊಳಪು ಕೊಡುವ ಮೋಟಾರು ನಿಂತು, ಅದರ ಹಿಂದೆ ಇಷ್ಟು ದಿನ ಅಡಗಿದ್ದ ಸದ್ದುಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಅವನು ನೆಲದ ಮೇಲೆ ಮೈ ಚಾಚಿದ. ಅವಳು ಮೇಜಿನ ಕೆಳಗಿಂದ ಬಂದು, ಒಂದು ಮೊಳ ದೂರದಲ್ಲಿ ಹಾಗೇ ಮಲಗಿದಳು. ಗೋಡೆಯೊಳಗೆ ಕೊಳವೆಯಲ್ಲಿ ನೀರು ಹರಿಯುತ್ತಿತ್ತು. “ಗೋಡೆ ನೀರು ಕುಡೀತಿದೆ,” ಎಂದಳು. ಅದು ಅವಳು ದವಡೆಗಳಿಗಲ್ಲದೆ ಅವನಿಗೇ ಹೇಳಿದ ಮೊದಲ ಮಾತು. ಗೋಡೆ ಕುಡಿದು ಮುಗಿಸುವವರೆಗೂ ಇಬ್ಬರೂ ಕೇಳುತ್ತ ಮಲಗಿದ್ದರು.

“ಇದನ್ನ ಬರೆದಿಲ್ವಾ ನೀನು!” ಎಂದರು ಅಜ್ಜಿ.

“ಏನಂತ ಬರೀಲಿ?”

“ಹೀಗೇ ಬರಿ. ಗೋಡೆ ನೀರು ಕುಡೀತು ಅಂತ.”

ಬರೆದ. ಆಮೇಲೆ ದಿನಗಳು ತಾವಾಗಿ ಬರತೊಡಗಿದವು, ತಾರೀಖಿನ ಸಾಲು ತಪ್ಪಿಸಿ, ಒಂದರ ಹೆಗಲ ಮೇಲೆ ಒಂದು ಕೈಯಿಟ್ಟುಕೊಂಡು. ಹಲ್ಲಿನ ಬಣ್ಣ ಹೋಲಿಸುವ, ಹದಿನಾರು ಬಗೆಯ ಬಿಳುಪಿಗೆ ನಂಬರು ಹಾಕಿದ ಪಟ್ಟಿಯನ್ನು ಅವಳು ಕಿಟಕಿಯಾಚೆ ಹಿಡಿದು ಮೋಡದ ನಂಬರು ಹುಡುಕಿದ ದಿನ. ಬೆಳಗಿನ ಮೋಡ ಎರಡು, ಮಧ್ಯಾಹ್ನದ್ದು ಐದು; ಎದುರು ಮನೆಯ ಗೋಡೆ ಸಿಗರೇಟು ಸೇದುವವರ ನಂಬರು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ ಎಂದು ತಿಳಿದು, ಅಚ್ಚಿನ ಮೇಲೆ ಕೈಯಿಟ್ಟು, “ಇದಕ್ಕೆ ಜ್ವರ,” ಎಂದು ಅದು ತಣ್ಣಗಾಗುವ ತನಕ ಪಕ್ಕದಲ್ಲೇ ಕೂತ ದಿನ. ತಾನೂ ಮೇಣ ಕಚ್ಚುತ್ತೇನೆಂದು ಹಟ ಹಿಡಿದು ಕಚ್ಚಿಕೊಟ್ಟದ್ದಕ್ಕೆ ಅವನು ಪ್ಲಾಸ್ಟರ್ ಹೊಯ್ದ ದಿನ. ಹೆಬ್ಬೆರಳಷ್ಟು ಹಾಲುಹಲ್ಲಿನ ಸಾಲು ಹಲಗೆಯ ಮೇಲೆ ಮುದುಕರ ದವಡೆಗಳ ನಡುವೆ ಹೋಗಿ ಕೂತಿತು. ಆಸ್ಪತ್ರೆಯಲ್ಲಿ ಅಕ್ಕನನ್ನು ನೋಡಿ ಬಂದ ದಿನ. ಅವತ್ತು ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಮೊಟ್ಟೆ ಬೇಯಿಸಿದ. ಅವಳು ಎರಡು ತಿಂದಳು.

“ಅಪ್ಪಾ,” ಎಂದು ಅಜ್ಜಿ ನಡುವೆ ತಡೆದರು, “ಆ ಬ್ರೆಡ್ಡು. ಬಚ್ಚಿಟ್ಟಳು ಅಂತ ಬರೆದಿದ್ದೀಯಲ್ಲ. ಬಚ್ಚಿಟ್ಟಳೋ, ತಿನ್ನಿಸ್ತಿದ್ಲೋ?”

ಅವನು ಹಲಗೆಗಳತ್ತ ತಿರುಗಿದ. ನೂರಾರು ಬಾಯಿಗಳು, ಒಂದಕ್ಕೂ ತುತ್ತಿಲ್ಲ. ಹಸಿವೆಂದರೆ ಏನೆಂದು ಚೆನ್ನಾಗಿ ಗೊತ್ತಿದ್ದ ಹುಡುಗಿ. ಬ್ರೆಡ್ಡಿನ ಚೂರುಗಳು ಒಂದೊಂದು ದವಡೆಗೆ ಒಂದೊಂದರಂತೆ ಇದ್ದವು. ಅದನ್ನು ಕಣ್ಣಾರೆ ಕಂಡೂ ಅವನು ಕಂಡಿರಲಿಲ್ಲ.

ಸಂಜೆಯ ಹೊತ್ತಿಗೆ ಮೂವತ್ತೊಂದು ದಿನ ಸಿಕ್ಕಿತ್ತು. ಉಳಿದವು ಸಿಗಲಿಲ್ಲ. “ಸಿಗದಿದ್ದದ್ದು ಸಿಗಲಿಲ್ಲ ಅಂತಲೇ ಬರಿ,” ಎಂದು ಹೇಳಿ ಅಜ್ಜಿ ಮೊಮ್ಮಕ್ಕಳನ್ನು ಮೆಟ್ಟಿಲಿನ ಬಸ್ಸಿನಿಂದ ಇಳಿಸಿಕೊಂಡು ಹೋದರು.

ಸೋಮವಾರ ಸಭೆ. ಉದ್ದ ಮೇಜಿನ ಆಚೆ ಮೂವರು: ಮೇಡಂ, ದಪ್ಪ ಗಾಜಿನ ಕನ್ನಡಕದ ಅಧಿಕಾರಿ, ಮಕ್ಕಳ ಡಾಕ್ಟರಮ್ಮ. ಈಚೆ ಅವನೊಬ್ಬ. ಕಡ್ಡಿ ಹೊರಗೆ ಬೆಂಚಿನ ಮೇಲೆ ಕಂಡಕ್ಟರಜ್ಜಿಯ ಜೊತೆ ಇದ್ದಳು. ಅವನು ಹಾಳೆಗಳನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದ.

“ಇದೇನು?” ಎಂದರು ಅಧಿಕಾರಿ.

“ಖಾಲಿ ದಿನಗಳು,” ಎಂದ.

ಮೇಡಂ ಓದಿದರು. ಓದಿದ ಹಾಳೆಯನ್ನು ಡಾಕ್ಟರಮ್ಮನಿಗೆ ದಾಟಿಸಿದರು, ಅವರು ಅಧಿಕಾರಿಗೆ. ಹಾಳೆಗಳು ಹೀಗೆ ಒಂದು ಕೈಯಿಂದ ಇನ್ನೊಂದಕ್ಕೆ ಹೋಗುತ್ತಿದ್ದಾಗ ಆ ಕೋಣೆ ಅವನಿಗೆ ತೇಲುತ್ತಿರುವಂತೆ ಕಂಡಿತು. ಗೋಡೆಯ ಸುಣ್ಣ ಏಳನೇ ನಂಬರೆಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು.

“ಇದನ್ನೆಲ್ಲ ಮೊದಲೇ ಯಾಕೆ ಬರೀಲಿಲ್ಲ ನೀವು?” ಎಂದರು ಮೇಡಂ. ದನಿ ಸ್ವಲ್ಪ ಒಡೆದಿತ್ತು. “ನಾನು ಆ ಮನೆಯವರಿಗೆ ಮಾತು ಕೊಟ್ಟಾಯ್ತಲ್ಲ.”

“ಸರಿ ಇದ್ದದ್ದನ್ನ ಬರೀಬೇಕು ಅಂತ ಗೊತ್ತಿರಲಿಲ್ಲ ಮೇಡಂ.”

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. “ಅದಿರಲಿ. ಶುಕ್ರವಾರ ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಇಲ್ಲಿದೆ. ಈಗ ನೇರವಾಗಿ ಹೇಳಿ. ಮಗುವನ್ನ ಇಟ್ಕೊಳ್ಳೋಕೆ ನಿಮಗೆ ಇಷ್ಟ ಇದೆಯಾ, ಇಲ್ವಾ?”

ಪ್ರಶ್ನೆ ಅವನ ಮುಂದೆ ಬಂದು ನಿಂತಿತು. ಉತ್ತರ ಎದೆಯಲ್ಲಿ ಇತ್ತು; ಗಂಟಲಿನವರೆಗೂ ಬಂತು. ಅಲ್ಲಿ ಪ್ಲಾಸ್ಟರಿನ ಹಾಗೆ ಬಿಸಿಯಾಗಿ ಗಟ್ಟಿಯಾಯಿತು. ಅವನು ಎರಡು ಸಲ ಕೆಮ್ಮಿದ.

“ಶುಕ್ರವಾರ ನಾನು ಹೇಳಿದ್ದು ತಪ್ಪು,” ಎಂದ ಕೊನೆಗೆ. “ಅದನ್ನ ತಿದ್ದಬೇಕು.”

ಮೂವರೂ ಇನ್ನೂ ಏನೋ ಬರಲಿದೆ ಎಂದು ಕಾದರು. ಬರಲಿಲ್ಲ.

ಡಾಕ್ಟರಮ್ಮ ಮಗುವನ್ನು ಒಳಗೆ ಕರೆಸಿದರು. ಆ ಮನೆಯ ಬಗ್ಗೆ, ಈ ಮನೆಯ ಬಗ್ಗೆ ಮೃದುವಾಗಿ ಕೇಳಿದರು. ಕಡ್ಡಿ ಯಾವುದಕ್ಕೂ ಉತ್ತರ ಕೊಡಲಿಲ್ಲ. ಸುತ್ತ ಒಮ್ಮೆ ಕಣ್ಣಾಡಿಸಿ, ಮೇಜನ್ನು ಬಳಸಿ ಬಂದು, ಅವನ ಕುರ್ಚಿಯ ಪಕ್ಕದಲ್ಲಿ ನಿಂತು, ಗೋಡೆಗೆ ಒರಗುವವರ ಹಾಗೆ ಅವನ ತೋಳಿಗೆ ಬೆನ್ನು ಕೊಟ್ಟಳು. ಅವನು ಗೋಡೆಯಾಗಿ ಕೂತ. ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟರು.

ಕಡ್ಡಿ ಅವನ ಬಳಿಯೇ ಇರಬಹುದೆಂದು ಅಧಿಕಾರಿ ಬರೆದುಕೊಂಡರು. ಆರು ತಿಂಗಳಿಗೆ ಮತ್ತೆ ಸಭೆ. ಎರಡು ವಾರಕ್ಕೊಂದು ಭಾನುವಾರ ಕಡ್ಡಿ ಕಂಡಕ್ಟರಜ್ಜಿಯ ಮನೆಯಲ್ಲಿರಬೇಕು, ಅವನು ಆ ದಿನ ನಿದ್ದೆ ಮಾಡಬೇಕು. ಇದನ್ನು ಡಾಕ್ಟರಮ್ಮ ಮತ್ತೆ ಪೆನ್ನು ತೆರೆದು ಔಷಧಿ ಬರೆದಂತೆ ಬರೆದರು. “ಆ ಮನೆಯವರಿಗೆ ನಾನೇ ಹೋಗಿ ಹೇಳ್ತೀನಿ,” ಎಂದರು ಮೇಡಂ.

ಹೊರಗೆ ಬಂದಾಗ ಅಜ್ಜಿ ಅವನ ಮುಖ ನೋಡಿ, “ರೈಟ್, ರೈಟ್,” ಎಂದಷ್ಟೇ ಹೇಳಿ ತಮ್ಮ ದಾರಿ ಹಿಡಿದರು.

ನಿಲ್ದಾಣದ ಬೆಂಚಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ಕಡ್ಡಿಗೆ ನಿದ್ದೆ ಬಂತು. ಹನ್ನೊಂದು ಗಂಟೆಯ ಬಿಸಿಲು. ಮೂರು ದಿನ ನಿದ್ದೆಯಿಲ್ಲದ ಮಗುವಿನ ನಿದ್ದೆ ಅದು, ಕಲ್ಲು ನೀರಿಗಿಳಿದ ಹಾಗೆ. ಅವಳ ತಲೆ ಅವನ ತೋಳಿನ ಮೇಲಿತ್ತು. ಅವರ ಬಸ್ಸು ಬಂತು, ಬಾಗಿಲು ತೆರೆಯಿತು, ಅವನು ಏಳಲಿಲ್ಲ, ಬಸ್ಸು ಹೋಯಿತು. ಇನ್ನೊಂದೂ ಹೋಯಿತು. ತೋಳು ಜೋಮು ಹಿಡಿದು ತನ್ನದಲ್ಲವೆನ್ನಿಸುವಷ್ಟಾದಾಗ ಅವಳು ಕಣ್ಣು ಬಿಟ್ಟು, ತಾನೆಲ್ಲಿದ್ದೇನೆಂದು ತಿಳಿಯದೆ ಒಂದು ಕ್ಷಣ ಅವನನ್ನೇ ನೋಡಿದಳು.

“ಬಸ್ ಬಂತಾ ಮಾವ?”

“ಇನ್ನೇನು ಬರುತ್ತೆ.”

ನೀನು ನನಗೆ ಬೇಕು ಎಂದು ಅವನು ಆ ದಿನ ಅವಳಿಗೆ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.